ಉತ್ಪ್ರೇಕ್ಷೆ: ಪತ್ರಿಕೆಯಲ್ಲಿ ಒಂದರ್ಥ, ಪಾಠದಲ್ಲಿ ಇನ್ನೊಂದೇ?

ಗೆಳೆಯರೆ,

ಮುಂಬಯಿಯ ಒಂದು ಕನ್ನಡ ಮಾಧ್ಯಮದ ಶಾಲೆಯಲ್ಲಿ ನಾನು ಕನ್ನಡ ಮೇಷ್ಟ್ರು. ಹೋದ ವಾರ ಉತ್ಪ್ರೇಕ್ಷಾಲಂಕಾರಕ್ಕೆ ಸ್ವಂತ ಉದಾಹರಣೆ ಬರೆಯಿರಿ ಎಂದಿದ್ದೆ. ಒಬ್ಬ ಹುಡುಗಿ ಬರೆದದ್ದು ಇಷ್ಟು: ‘ದಾದರಿನಲ್ಲಿ ನಾನು ಹತ್ತಿದ ರೈಲು ಡಬ್ಬಿಯಲ್ಲಿ ಕೋಟಿ ಜನ ಇದ್ದರು.’ ಇದು ಬರೀ ಉಬ್ಬಿಸಿದ ಮಾತು, ತಪ್ಪು ಎಂದು ಗೀಟು ಎಳೆದೆ. ಯಾದಗಿರಿ ಕಡೆಯ ಹುಡುಗಿ, ಸುಮ್ಮನೆ ಕೂರುವವಳಲ್ಲ. ‘ಸರ, ಉತ್ಪ್ರೇಕ್ಷೆ ಮಾಡಬ್ಯಾಡ್ರಿ ಅಂತ ಮಂತ್ರಿ ಹೇಳ್ಯಾರಂತ ಪೇಪರ್‌ನ್ಯಾಗ ಬರ್ತದಲ್ರಿ, ಅದು ಇದ ಅಲ್ಲೇನ್ರಿ?’ ಎಂದಳು.

ಅವಳು ಕೇಳಿದ್ದರಲ್ಲಿ ತಪ್ಪಿಲ್ಲ. ‘ಉತ್ಪ್ರೇಕ್ಷಿತ ವರದಿ’, ‘ಹೀಗೆಂದರೆ ಉತ್ಪ್ರೇಕ್ಷೆಯಾಗಲಾರದು’ ಎಂದು ನಾವೆಲ್ಲ ಬರೆಯುತ್ತೇವೆ, ಇದ್ದದ್ದನ್ನು ಉಬ್ಬಿಸಿ ಹೇಳುವುದು ಎಂಬ ಅರ್ಥದಲ್ಲೇ. ಅದೇ ಜಾಗದಲ್ಲಿ ‘ಅತಿಶಯೋಕ್ತಿಯಲ್ಲ’ ಎಂದೂ ಬರೆಯುತ್ತೇವೆ, ಯಾರಿಗೂ ಫರಕು ಕಾಣುವುದಿಲ್ಲ. ಆದರೆ ಮಧ್ಯಾಹ್ನ ಊಟದ ಡಬ್ಬಿ ಬಿಚ್ಚುವಾಗ ನಮ್ಮ ಮರಾಠಿ ‘ಬಾಯಿ’ಯವರನ್ನು, ಅಂದರೆ ಮರಾಠಿ ಕಲಿಸುವ ಶಿಕ್ಷಕಿಯರನ್ನು, ಕೇಳಿದರೆ ಅವರಿಗೆ ಈ ಗೊಂದಲವೇ ಇಲ್ಲ. ಮರಾಠಿಯಲ್ಲಿ ಉಬ್ಬಿಸುವುದಕ್ಕೆ ‘ಅತಿಶಯೋಕ್ತೀ’ ಒಂದೇ. ಅದಕ್ಕೆ ಅವರ ಮಕ್ಕಳೆಲ್ಲ ಬಾಯಿಪಾಠ ಹೇಳುವ ಒಂದು ಹಳೆಯ ಉದಾಹರಣೆಯೂ ಇದೆ: ಒಂದು ದಮಡಿಯ ಎಣ್ಣೆ ತಂದರೆ ಅದರಲ್ಲಿ ಅತ್ತೆಯ ಎಣ್ಣೆಸ್ನಾನ ಆಗಿ, ಮಾವನ ಗಡ್ಡಕ್ಕೂ ಆಗಿ, ಮುಚ್ಚಿಟ್ಟ ಉಳಿಕೆ ಹೆಣ್ಣುನವಿಲಿನ ಕಾಲು ತಾಗಿ ಚೆಲ್ಲಿ, ಊರಬಾಗಿಲವರೆಗೆ ಹರಿದು, ಕೊನೆಗೆ ಅದರಲ್ಲಿ ಒಂಟೆ ಈಜಿಕೊಂಡು ಹೋಯಿತಂತೆ. ‘ಉತ್ಪ್ರೇಕ್ಷಾ’ ಅವರಿಗೆ ವ್ಯಾಕರಣದ ತಾಸಿನ ಪದ ಮಾತ್ರ. ‘ಜಣೂ, ಗಮೇ, ವಾಟೇ, ಭಾಸೇ’ (‘ಏನೋ ಎಂಬಂತೆ’, ‘ಅನಿಸುತ್ತದೆ’ ಎಂಬಂಥ ಪದಗಳು) ಕಂಡರೆ ಉತ್ಪ್ರೇಕ್ಷಾ ಎಂದು ಗುರುತು ಹಾಕಿಕೊಂಡಿರುತ್ತಾರೆ. ನಮ್ಮ ಮಕ್ಕಳು ಎರಡೂ ತಾಸಿನಲ್ಲಿ ಕೂರುವವರು. ಪೆಟ್ಟು ಬೀಳುವುದು ಅವರಿಗೇ.

ಪಾಠದ ಅರ್ಥವನ್ನು ಮೊದಲು ಹೇಳಿಬಿಡುತ್ತೇನೆ. ಉತ್, ಪ್ರ, ಈಕ್ಷಾ ಸೇರಿ ಆದ ಪದ, ಪ್ರೇಕ್ಷಕನ ಬಳಗದ್ದು. ಕಣ್ಣೆದುರಿನ ವಸ್ತುವನ್ನು ಇನ್ನೊಂದಾಗಿ ಕಾಣುವುದು, ‘ಅದೇ ಇರಬೇಕೇನೋ’ ಎಂದು ಊಹಿಸುವುದು. ಉಪಮೇಯವನ್ನು (ವರ್ಣಿಸುವ ವಸ್ತುವನ್ನು) ಉಪಮಾನವೆಂದು (ಹೋಲಿಕೆಗೆ ತಂದ ವಸ್ತುವೆಂದು) ಸಂಭಾವಿಸುವುದೇ ಉತ್ಪ್ರೇಕ್ಷೆ ಎಂದು ಸಂಸ್ಕೃತದ ಅಲಂಕಾರಶಾಸ್ತ್ರಕಾರ ಮಮ್ಮಟನ ಲಕ್ಷಣ. ಈ ‘ಸಂಭಾವಿಸು’ ಇನ್ನೊಂದು ತೊಡಕು. ಸಂಭಾವನೆ ಎಂದರೆ ಸಂಘದ ಕಾರ್ಯಕ್ರಮದಲ್ಲಿ ಭಾಷಣಕಾರರ ಕೈಗೆ ಶಾಲಿನ ಜೊತೆ ಕೊಡುವ ಲಕೋಟೆ ಎಂದೇ ಮಕ್ಕಳ ತಿಳಿವಳಿಕೆ. ಇಲ್ಲಿ ಮಾತ್ರ ಮರಾಠಿ ನನ್ನ ನೆರವಿಗೆ ಬಂತು. ‘ಸಂಭಾವ್ಯ ಯಾದಿ’ ಎಂದು ದಿನಾ ಕೇಳುವವರು, ಆಗಬಹುದಾದದ್ದು ಎಂಬ ಅರ್ಥ ಥಟ್ಟನೆ ಹಿಡಿದರು.

ಆಮೇಲೆ ಆ ಹುಡುಗಿಯೇ ಹೊಸ ವಾಕ್ಯ ಕಟ್ಟಿದಳು. ಮಳೆಗೆ ಸಯನ್ ಹತ್ತಿರ ಹಳಿ ಮುಳುಗಿ ಲೋಕಲ್ ನಿಂತದ್ದನ್ನು ಅವಳು ಕಂಡಿದ್ದಳು: ‘ನೀರಾಗ ನಿಂತ ಗಾಡಿ, ಕೆರ್‍ಯಾಗ ನಿಂತ ಎಮ್ಮಿ ಸಾಲೋ ಏನೋ ಅನ್ನೂ ಹಂಗಿತ್ತು.’ ಲೋಕಲ್ಲಿಗೆ ಬಿಳಿ, ನೇರಳೆ ಬಣ್ಣ ಇರುವಾಗ ಎಮ್ಮೆ ಹೇಗಾಯಿತು ಎಂದು ಹಿಂದಿನ ಬೆಂಚಿನಿಂದ ತಕರಾರು ಬಂತು. ಹೋಲಿಕೆ ಬಣ್ಣದ್ದಲ್ಲ, ಎಷ್ಟು ಹೊಡೆದರೂ ಕದಲದೆ ನಿಲ್ಲುವುದರದ್ದು. ನನಗಂತೂ ಪಠ್ಯದ ಉದಾಹರಣೆಗಳಿಗಿಂತ ಇದೇ ಹಿಡಿಸಿತು, ಇಡೀ ತಾಸು ಇದನ್ನೇ ತಿರುಗಿಸಿದೆವು. ಗಾಡಿ ಎಮ್ಮೆಸಾಲಿನ ಹಾಗೆ ನಿಂತಿತ್ತು ಎಂದರೆ ಉಪಮೆ. ಗಾಡಿಯೆಂಬ ಎಮ್ಮೆಸಾಲು ಎಂದರೆ ರೂಪಕ. ಎಮ್ಮೆಸಾಲೋ ಏನೋ ಎಂದರೆ ಉತ್ಪ್ರೇಕ್ಷೆ, ಹೇಳುವವನಿಗೆ ಅದು ಗಾಡಿಯೆಂದು ಗೊತ್ತು, ಮನಸ್ಸು ಮಾತ್ರ ಎಮ್ಮೆಯ ಕಡೆ ವಾಲಿದೆ. ಗಾಡಿಯ ಹೆಸರೇ ಎತ್ತದೆ, ‘ಸಯನ್ನಿನಲ್ಲಿ ಎಮ್ಮೆಗಳು ನೀರಿಗಿಳಿದಿವೆ, ಇವತ್ತು ಆಫೀಸು ಇಲ್ಲ’ ಎಂದರೆ?

ಅದು ಅತಿಶಯೋಕ್ತಿ! ರೂಪಕಾತಿಶಯೋಕ್ತಿ ಎಂದು ಅಪ್ಪಯ್ಯ ದೀಕ್ಷಿತರ ‘ಕುವಲಯಾನಂದ’ ಇಂಥದ್ದಕ್ಕೆ ಹೆಸರಿಡುತ್ತದೆ. ಅಲ್ಲಿನ ಉದಾಹರಣೆಯಲ್ಲಿ ಕಣ್ಣು, ನೋಟ ಎಂಬ ಮಾತೇ ಇಲ್ಲ, ಎರಡು ಕನ್ನೈದಿಲೆಗಳಿಂದ ಹರಿತವಾದ ಬಾಣಗಳು ಹೊರಡುತ್ತವೆ. ಅಂದರೆ ಶಾಸ್ತ್ರದ ಅತಿಶಯೋಕ್ತಿಯೂ ಬರೀ ಬುರುಡೆಯಲ್ಲ. ಉಪಮಾನವು ಉಪಮೇಯವನ್ನು ನುಂಗಿಬಿಟ್ಟಿರುತ್ತದೆ.

ನನ್ನ ಊಹೆಯ ದಾರಿ ತೆರೆದದ್ದು ಇಲ್ಲೇ. ಈ ನುಂಗುವಿಕೆಗೆ ‘ಅಧ್ಯವಸಾಯ’ ಎನ್ನುತ್ತಾರೆ. ರುಯ್ಯಕನ ‘ಅಲಂಕಾರಸರ್ವಸ್ವ’ದ ಪ್ರಕಾರ ಅಧ್ಯವಸಾಯ ಇನ್ನೂ ನಡೆಯುತ್ತಿದ್ದರೆ ಉತ್ಪ್ರೇಕ್ಷೆ, ನಡೆದು ಮುಗಿದಿದ್ದರೆ ಅತಿಶಯೋಕ್ತಿ. ತುತ್ತು ಬಾಯಲ್ಲಿದ್ದರೆ ಒಂದು ಹೆಸರು, ಹೊಟ್ಟೆಗೆ ಇಳಿದಿದ್ದರೆ ಇನ್ನೊಂದು. ಇಷ್ಟು ಒತ್ತಿನ ಮನೆಯವರು ಅದಲುಬದಲಾದರೆ ಆಶ್ಚರ್ಯವೇನು? ಜೊತೆಗೆ ‘ಉತ್’ ಎಂಬುದು ಕನ್ನಡ ಕಿವಿಗೆ ‘ಉಬ್ಬು’ ಎಂದೂ ಕೇಳಿಸಿರಬೇಕು. ಇದು ನನ್ನ ಉತ್ಪ್ರೇಕ್ಷೆ, ಎರಡೂ ಅರ್ಥದಲ್ಲಿ.

ಹಾಗಾಗಿ ಪತ್ರಿಕೆಯ ಬಳಕೆ ತಪ್ಪು ಎಂದು ಕಡ್ಡಿ ಮುರಿದಂತೆ ಹೇಳುವವರ ಪಕ್ಷ ನನ್ನದಲ್ಲ. ‘ವ್ಯಂಗ್ಯ’ವನ್ನೇ ನೋಡಿ. ಧ್ವನಿ ಸಿದ್ಧಾಂತದ ಹಳೆಯ ಕಾವ್ಯಮೀಮಾಂಸಕರಿಗೆ ಅದು ಕಾವ್ಯದ ಜೀವ, ಸೂಚಿತವಾಗುವ ಅರ್ಥ. ನಮಗೆ ಕೊಂಕುಮಾತು. ಅದನ್ನು ಯಾರೂ ತಿದ್ದಲು ಹೋಗುವುದಿಲ್ಲ. ತರಗತಿಯಲ್ಲಿ ಮಾತ್ರ ಒಂದು ಶಿಸ್ತು ಇಟ್ಟುಕೊಂಡಿದ್ದೇನೆ, ‘ಅಲಂಕಾರ’ ಸೇರಿಸದೆ ಬರೀ ‘ಉತ್ಪ್ರೇಕ್ಷೆ’ ಎನ್ನುವುದಿಲ್ಲ. ಇನ್ನೊಂದು, ವಾಚಕ ಪದ (ಹೋಲಿಕೆ ಸೂಚಿಸುವ ಪದ) ಹಿಡಿದು ಅಲಂಕಾರ ಹೇಳುವ ಅಡ್ಡದಾರಿಯನ್ನೂ ಬಿಡಿಸುತ್ತಿದ್ದೇನೆ. ಸಂಸ್ಕೃತ ನಾಟಕ ‘ಮೃಚ್ಛಕಟಿಕ’ದ ಕತ್ತಲೆಯ ಪದ್ಯದಲ್ಲಿ, ‘ಲಿಂಪತೀವ ತಮೋಂಗಾನಿ’, ಕತ್ತಲು ಮೈಗೆ ಬಳಿಯುತ್ತಿರುವಂತಿದೆ, ಆಕಾಶ ಕಾಡಿಗೆಯ ಮಳೆ ಸುರಿಸುತ್ತಿರುವಂತಿದೆ. ‘ಇವ’ (ಅಂತೆ) ಕಂಡೊಡನೆ ಉಪಮೆ ಎನ್ನಬೇಡಿ, ಇದು ಉತ್ಪ್ರೇಕ್ಷೆ ಎಂದು ‘ಕಾವ್ಯಾದರ್ಶ’ ಬರೆದ ದಂಡಿ ಅಷ್ಟು ಹಿಂದೆಯೇ ಜಗಳ ಕಾದಿದ್ದಾನೆ. ನಮ್ಮ ‘ಅಂತೆ’, ‘ಹಾಗೆ’ಗಳಿಗೂ ಅದೇ ಎಚ್ಚರ ಬೇಕು. ಹುಡುಗಿಯ ವಾಕ್ಯದ ಕೊನೆಯಲ್ಲೂ ‘ಹಂಗ’ ಇದೆಯಲ್ಲ.

ಈಗ ನಿಮ್ಮನ್ನು ಕೇಳುವುದು ಎರಡು. ಉಬ್ಬಿಸು ಎಂಬ ಅರ್ಥದ ‘ಉತ್ಪ್ರೇಕ್ಷೆ’ ಹಳೆಯ ಕನ್ನಡ ಗದ್ಯದಲ್ಲಿ ಎಲ್ಲಾದರೂ ನಿಮ್ಮ ಕಣ್ಣಿಗೆ ಬಿದ್ದಿದ್ದರೆ ಸಾಲು ಸಮೇತ ಬರೆಯಿರಿ. ಮತ್ತೆ, ನಿಮ್ಮ ಕಡೆ ಬಾಯಿಮಾತಿನಲ್ಲಿ ಇದಕ್ಕೆ ಏನು ಹೇಳುತ್ತೀರಿ? ಇಲ್ಲಿ ನಮ್ಮವರು ‘ರೈಲು ಬಿಡಬೇಡ’, ‘ಕಡ್ಡಿಯನ್ನು ಗುಡ್ಡ ಮಾಡಬೇಡ’ ಎನ್ನುತ್ತಾರೆ. ಮರಾಠಿಯವರದು ‘ರಾಈಚಾ ಪರ್ವತ’, ಸಾಸಿವೆಯ ಬೆಟ್ಟ. ಬಾಯಲ್ಲಿ ‘ಉತ್ಪ್ರೇಕ್ಷೆ’ ಎನ್ನುವವರನ್ನು ನಾನು ಭಾಷಣದ ವೇದಿಕೆಯ ಮೇಲೆ ಮಾತ್ರ ಕಂಡಿದ್ದೇನೆ.

ಉತ್ತರ ಬೇಗ ಬಂದರೆ ಒಳ್ಳೆಯದು. ಆ ಕೋಟಿ ಜನರ ಡಬ್ಬಿಗೆ ಸದ್ಯಕ್ಕೆ ಅರ್ಧ ಅಂಕವನ್ನು ಪೆನ್ಸಿಲ್ಲಿನಲ್ಲಿ ಹಾಕಿಟ್ಟಿದ್ದೇನೆ.