ಸಹಾಯ ಬೇಕು: ಮಗಳು ವಸತಿ ಶಾಲೆಗೆ ಸಿದ್ಧಳಾಗಿದ್ದಾಳೆಯೇ?

ಎಲ್ಲರಿಗೂ ನಮಸ್ಕಾರ. ನನ್ನ ಮಗಳಿಗೆ ಈಗ 10 ವರ್ಷ. ವಸತಿ ಶಾಲೆಗೆ ಸೇರುತ್ತೇನೆಂದು ಅವಳೇ ಹಟ ಹಿಡಿದಿದ್ದಾಳೆ. ಅರ್ಜಿ ಹಾಕಲು ಉಳಿದಿರುವುದು ಎರಡೇ ತಿಂಗಳು. ನನಗೆ ಮಾತ್ರ ಮನಸ್ಸು ಗಟ್ಟಿಯಾಗುತ್ತಿಲ್ಲ.

ಓದಿನ ಚಿಂತೆಯಿಲ್ಲ. ತಾನೇ ಏಳುತ್ತಾಳೆ, ಬಟ್ಟೆ ಮಡಚಿಡುತ್ತಾಳೆ, ತಲೆ ಬಾಚಿಕೊಳ್ಳುತ್ತಾಳೆ. ಆದರೆ ಮನಸ್ಸಿಗೆ ನೋವಾದರೆ ಯಾರಿಗೂ ಹೇಳುವುದಿಲ್ಲ. ಕಳೆದ ವರ್ಷ ತರಗತಿಯ ಹುಡುಗಿಯೊಬ್ಬಳು ಇವಳನ್ನು ಪೀಡಿಸುತ್ತಿದ್ದದ್ದು ನಮಗೆ ತಿಳಿದದ್ದು ಮೂರು ವಾರಗಳ ನಂತರ. ಅದೂ ಅವಳು ಸರಿಯಾಗಿ ಊಟ ಮಾಡದಿರುವುದನ್ನು ಕಂಡು ನಾನೇ ಕೆದಕಿ ಕೇಳಿದಾಗ. ಅಲ್ಲಿ ಅವಳ ತಟ್ಟೆಯನ್ನು ಗಮನಿಸುವವರು ಯಾರು? ಜ್ವರ ಬಂದರೆ, ಮೊದಲ ಮುಟ್ಟು ಅಲ್ಲಿಯೇ ಆದರೆ, ವಾರ್ಡನ್ ಬಳಿ ಬಾಯಿಬಿಟ್ಟು ಹೇಳುತ್ತಾಳೆಯೇ?

ರಜೆಯಲ್ಲಿ ಅಜ್ಜಿಯ ಮನೆಯಲ್ಲಿ ಹತ್ತು ದಿನ ಇದ್ದಳು. ಮೊದಲ ಮೂರು ರಾತ್ರಿ ಅತ್ತಳಂತೆ, ಆಮೇಲೆ ಹಿಂದಿರುಗಲು ಒಪ್ಪಲಿಲ್ಲ. ಆರಂಭದಲ್ಲಿ ಮನೆಯ ನೆನಪು ಕಾಡುವುದು ಸಹಜ, ಅತ್ತ ಮಾತ್ರಕ್ಕೆ ಮಗು ಸಿದ್ಧವಾಗಿಲ್ಲ ಎಂದಲ್ಲ ಎಂಬುದು ನನಗೂ ಗೊತ್ತು. ಆದರೆ ಅಜ್ಜಿಯ ಮಡಿಲು ಬೇರೆ, ಹಾಸ್ಟೆಲ್ ಬೇರೆ.

ಮಕ್ಕಳನ್ನು ಕಳುಹಿಸಿದವರು, ಸ್ವತಃ ಹಾಸ್ಟೆಲ್‌ನಲ್ಲಿ ಬೆಳೆದವರು ದಯವಿಟ್ಟು ತಿಳಿಸಿ. ಯಾವ ಲಕ್ಷಣ ನೋಡಿ ನಿರ್ಧರಿಸಿದಿರಿ? ಕಷ್ಟ ಹೇಳಿಕೊಳ್ಳುವುದನ್ನು ಎರಡು ತಿಂಗಳಲ್ಲಿ ಕಲಿಸಬಹುದೇ, ಅಥವಾ ಒಂದು ವರ್ಷ ತಡೆಯುವುದೇ ಸರಿಯೇ? ಶಾಲೆಗೆ ಭೇಟಿ ಕೊಟ್ಟಾಗ ವಾರ್ಡನ್ ಅವರನ್ನು ಏನೇನು ಕೇಳಬೇಕು? ಕಳುಹಿಸಿ ಮತ್ತೆ ಮನೆಗೆ ಕರೆತಂದವರಿದ್ದರೆ ಸಂಕೋಚಪಡದೆ ಬರೆಯಿರಿ, ನಿಮ್ಮ ಅನುಭವ ನನಗೆ ಎಲ್ಲಕ್ಕಿಂತ ಮುಖ್ಯ.