ಆಲೆಮನೆ ಬೂದಿಯ ಇಟ್ಟಿಗೆ: ಓವನ್ ಬೇಕಾ? ಮಾಡಿದವರು ಹೇಳಿ

ಮದ್ದೂರು ಹೊಸಬ: ಅರ್ಧ ಆಲೆಮನೆ ಬೂದಿ (ಕಬ್ಬಿನ ಸಿಪ್ಪೆ ಸುಟ್ಟದ್ದು), ಅರ್ಧ ಫ್ಲೈ ಆಷ್ (ಕಲ್ಲಿದ್ದಲಿನ ವಿದ್ಯುತ್ ಸ್ಥಾವರದ ಹಾರುಬೂದಿ) ಹಾಕಿ ಜಿಯೋಪಾಲಿಮರ್ ಇಟ್ಟಿಗೆ ಮಾಡಿದೆ. ಅಂದರೆ ಸಿಮೆಂಟ್ ಇಲ್ಲದೆ, ಕಾಸ್ಟಿಕ್ ಸೋಡಾ ಮತ್ತು ಸಿಲಿಕೇಟ್ ದ್ರಾವಣದಲ್ಲಿ ಬೂದಿ ಗಟ್ಟಿಯಾಗುವ ಇಟ್ಟಿಗೆ. ಆರು ದಿನ ಆಯಿತು, ಉಗುರಲ್ಲಿ ಕೆರೆದರೆ ಪುಡಿ ಉದುರುತ್ತದೆ. ಬಿಸಿಯಲ್ಲಿಟ್ಟು ಗಟ್ಟಿ ಮಾಡಲು ಓವನ್ ಕೊಳ್ಳಲೇಬೇಕಾ?

ಪಾಂಡವಪುರ ಕಬ್ಬು: ಓವನ್ ಮಾತೇ ಎತ್ತಬೇಡಿ. ಹಳೇ ಕಬ್ಬಿಣದ ಬೀರುಗೆ ಹೀಟರ್ ಕೂರಿಸಿದೆ, 18,000 ಹೋಯಿತು. 60 ಡಿಗ್ರಿ, 24 ಗಂಟೆ, ಎಲ್ಲಾ ಸರಿ. ಪ್ಲಾಸ್ಟಿಕ್ ಸುತ್ತುವುದೊಂದು ಮರೆತೆ. ಒಳಗಿನ ನೀರೆಲ್ಲ ಹಾರಿ, ಒಣಗಿದ ಕೆರೆಯ ಹಾಗೆ ಬಿರುಕು. 60 ಇಟ್ಟಿಗೆ ತಿಪ್ಪೆಗೆ. ಕಾಸ್ಟಿಕ್ ಚೀಲ 1,500, ಸಿಲಿಕೇಟ್ 1,900, ಆಟೋ 600. ಕರೆಂಟ್ ಬಿಲ್ಲು ಮನೆಯವಳಿಗೆ ಇನ್ನೂ ತೋರಿಸಿಲ್ಲ. ಈಗ ಆ ಬೀರುವಿನಲ್ಲಿ ಕೋಳಿಮರಿ ಇವೆ.

ಹೂಟಗಳ್ಳಿ ಪೇವರ್: ಓವನ್ ಯಾಕೆ, ಸ್ಲ್ಯಾಗ್ (ಕಬ್ಬಿಣದ ಕುಲುಮೆಯ ಕಿಟ್ಟದ ಪುಡಿ) ಹಾಕಿ. ಮೂರರಲ್ಲಿ ಒಂದು ಪಾಲು ಹಾಕಿದ್ದಕ್ಕೆ ನನ್ನದು ನೆರಳಲ್ಲೇ ಗಟ್ಟಿಯಾಯಿತು. ಆಸೆ ಜಾಸ್ತಿಯಾಗಿ ಏಪ್ರಿಲ್ ಬಿಸಿಲಲ್ಲಿ ಮುಕ್ಕಾಲು ಪಾಲು ಹಾಕಿದೆ. ಅಚ್ಚಿಗೆ ಬೀಳುವ ಮೊದಲೇ ಮಿಕ್ಸರ್ ಒಳಗೇ ಕಲ್ಲಾಯಿತು. ಎರಡು ದಿನ ಉಳಿ ಸುತ್ತಿಗೆ, ಬ್ಲೇಡಿಗೆ 4,200.

ಶ್ರೀರಂಗಪಟ್ಟಣ ಮೇಸ್ತ್ರಿ: ನೀರು ಹೊಡೆದಿರಾ ಇಲ್ಲವಾ? ಏಳು ದಿನ ನೀರು ಕುಡಿಸದೆ ಯಾವ ಇಟ್ಟಿಗೆ ನಿಲ್ಲುತ್ತದೆ?

ಹೂಟಗಳ್ಳಿ ಪೇವರ್: ಮೇಸ್ತ್ರಿಗಳೇ, ಇದು ಸಿಮೆಂಟ್ ಅಲ್ಲ. ನೀರು ಹೊಡೆದರೆ ಕಾಸ್ಟಿಕ್ ತೊಳೆದು ಹೊರಗೆ ಬರುತ್ತದೆ. ಮೇಲೆಲ್ಲ ಬಿಳಿ ಉಪ್ಪು ಕೂರುತ್ತದೆ.

ಶ್ರೀರಂಗಪಟ್ಟಣ ಮೇಸ್ತ್ರಿ: ಮಿಕ್ಸರ್ ಕಲ್ಲು ಮಾಡಿಕೊಂಡವರು ನನಗೆ ಪಾಠ ಹೇಳಬೇಡಿ.

ಮಂಡ್ಯ ಲ್ಯಾಬ್: ಬೂದಿ ಬಣ್ಣ ಯಾರೂ ಕೇಳಲೇ ಇಲ್ಲವಲ್ಲ! ಕಪ್ಪಗಿದ್ದರೆ ಅದರಲ್ಲಿ ಸುಡದ ಇದ್ದಲು ಇದೆ. ಸ್ಪಂಜಿನ ಹಾಗೆ ದ್ರಾವಣ ಕುಡಿಯುತ್ತದೆ. ಕಾಲೇಜಿನಲ್ಲಿ ನಾನು ಮತ್ತೆ ಸುಟ್ಟು, 75 ಮೈಕ್ರಾನ್ ಜರಡಿ ಹಿಡಿದು, ಮೂಗು ತುಂಬ ಬೂದಿ ಮಾಡಿಕೊಂಡೆ. ಆಮೇಲೂ ಹತ್ತರಲ್ಲಿ ಒಂದು ಪಾಲು ಮಾತ್ರ ಹಾಕಿದೆ. ಗಟ್ಟಿಯಾಗಲು ಸಿಲಿಕಾ, ಅಲ್ಯೂಮಿನಾ ಎರಡೂ ಬೇಕು; ಕಬ್ಬಿನ ಬೂದಿಯಲ್ಲಿ ಸಿಲಿಕಾ ಇದೆ, ಅಲ್ಯೂಮಿನಾ ಕಡಿಮೆ. ಕಾಸ್ಟಿಕ್ ದ್ರಾವಣದ ಗಾಢತೆ 8 ಮೋಲಾರ್.

ಪಾಂಡವಪುರ ಕಬ್ಬು: ನಾನೂ ಲೀಟರ್ ನೀರಿಗೆ 320 ಗ್ರಾಂ ಹಾಕಿದ್ದೆ.

ಮಂಡ್ಯ ಲ್ಯಾಬ್: ಲೆಕ್ಕ ಲೀಟರ್ ನೀರಿಗಲ್ಲ ಸಾರ್, ಲೀಟರ್ ದ್ರಾವಣಕ್ಕೆ! 320 ಗ್ರಾಂ ಕರಗಿಸಿದ ಮೇಲೆ ಒಟ್ಟು ಒಂದು ಲೀಟರ್ ಆಗಬೇಕು. ನೀರಿಗೆ ಕಾಸ್ಟಿಕ್ ಹಾಕಬೇಕು, ಕಾಸ್ಟಿಕ್ ಮೇಲೆ ನೀರು ಸುರಿಯಬಾರದು. ಕುದಿಯುವಷ್ಟು ಬಿಸಿ ಬರುತ್ತದೆ, ಹಿಂದಿನ ದಿನವೇ ಮಾಡಿಡಿ.

ಪಾಂಡವಪುರ ಕಬ್ಬು: ಇದನ್ನು ಹೋದ ವರ್ಷ ಹೇಳಬಾರದಿತ್ತಾ?

ಹೂಟಗಳ್ಳಿ ಪೇವರ್: ಸುಟ್ಟು ಜರಡಿ ಹಿಡಿಯುವ ಕೂಲಿ ಯಾರು ಕೊಡುತ್ತಾರೆ? ಲ್ಯಾಬಿನವರಿಗೆ ಎಲ್ಲಾ ಬಿಟ್ಟಿ. ರಾಯಚೂರಿಂದ ಫ್ಲೈ ಆಷ್ ತರಿಸಿ ನೋಡಿ, ಬೂದಿಗಿಂತ ಲಾರಿ ಬಾಡಿಗೆ ಭಾರ.

ಮದ್ದೂರು ಹೊಸಬ: ನನ್ನ ಬೂದಿ ಕಪ್ಪಗೇ ಇದೆ. ಪಾಂಡವಪುರದ ಅಣ್ಣ, ಆ ಬೀರು ಎಷ್ಟಕ್ಕೆ ಕೊಡುತ್ತೀರಿ?

ಪಾಂಡವಪುರ ಕಬ್ಬು: ಮರಿಗಳು ದೊಡ್ಡದಾಗಲಿ, ತಡೀರಿ.