ಸೆಕೆಂಡ್ ಹ್ಯಾಂಡ್ ಗೇಮಿಂಗ್ ಲ್ಯಾಪ್‌ಟಾಪ್: 42 ಸಾವಿರಕ್ಕೆ ಯಾವುದು?

ಬೆಣ್ಣೆದೋಸೆ_ದಾವಣಗೆರೆ: ಇಂಜಿನಿಯರಿಂಗ್ ಸೆಕೆಂಡ್ ಇಯರ್. ಬಜೆಟ್ 42 ಸಾವಿರ, ಅದರ ಮೇಲೆ ಅಪ್ಪ ಒಂದು ರೂಪಾಯಿ ಬಿಚ್ಚಲ್ಲ. ಎರಡು ನೋಡಿಟ್ಟಿದೀನಿ. ಎಸ್‌ಪಿ ರೋಡ್ ಅಂಗಡಿಯಲ್ಲಿ ರೀಫರ್ಬಿಶ್ಡ್ ಡೆಲ್ ಪ್ರಿಸಿಶನ್, ಕ್ವಾಡ್ರೋ ಟಿ2000 ಗ್ರಾಫಿಕ್ಸ್ ಚಿಪ್, ಆರು ತಿಂಗಳು ಅಂಗಡಿ ವಾರಂಟಿ. ಇನ್ನೊಂದು ಓಎಲ್‌ಎಕ್ಸ್‌ನಲ್ಲಿ ಬೆಂಗಳೂರಿನವರೊಬ್ಬರದು, 2021ರ ಆರ್‌ಟಿಎಕ್ಸ್ 3050 ಗ್ರಾಫಿಕ್ಸ್ ಚಿಪ್ಪಿನದು, ಬಿಲ್ ಇದೆ, ಆದ್ರೆ ಬ್ಯಾಟರಿ ಪೂರ್ತಿ ಸತ್ತಿದೆ. ವ್ಯಾಲರಂಟ್, ಜಿಟಿಎ 5 ಆಡಬೇಕು. ಯಾವುದು ತಗೊಳ್ಳಲಿ?

ಸೀನ_ಟೌನ್‌ಹಾಲ್: ಕಣ್ಣು ಮುಚ್ಕೊಂಡು ಪ್ರಿಸಿಶನ್ ತಗೋ ತಮ್ಮಾ. ಕಂಪನಿಯವರು ಲೀಸ್ ಮುಗಿದ ಮೇಲೆ ಲಾಟ್‌ನಲ್ಲಿ ಬಿಡೋ ಮಾಲು, ಎಸಿ ರೂಮಲ್ಲಿ ಓಡಿದ್ದು. ಓಎಲ್‌ಎಕ್ಸ್‌ದು ಯಾವನು ರಾತ್ರಿಯಿಡೀ ಕ್ರಿಪ್ಟೋ ಕಾಯಿನ್ ಮೈನಿಂಗ್ ಮಾಡಿ ಹಿಂಡಿದಾನೋ.

ಹುಬ್ಳಿ_ಹುಡುಗ: "ಮೈನಿಂಗ್" ಅಂತ ಹುಡುಗನ್ನ ಹೆದರಸಬ್ಯಾಡ್ರಿ. 3050 ಲ್ಯಾಪ್‌ಟಾಪ್ ಬಂದದ್ದ 2021ರಾಗ, ಅದರಾಗ ಇರೂದು 4 ಜಿಬಿ ಮೆಮೊರಿ. ಇಥೀರಿಯಂ ಕಾಯಿನ್ ಮೈನಿಂಗಿಗೆ 4 ಜಿಬಿ ಸಾಲದಂಗ ಆಗಿದ್ದು 2020ರ ಕೊನಿಗೇ. 2022ರ ಸೆಪ್ಟೆಂಬರ್‌ನಾಗ ಆ ಮೈನಿಂಗೇ ಬಂದ್ ಆತು. ನಿಮ್ಮ ಟಿ2000 ಅಂದ್ರ ಹೆಸರು ಬ್ಯಾರೆ ಇಟ್ಟ ಜಿಟಿಎಕ್ಸ್ 1650, 1024 ಕೋರ್ (ಲೆಕ್ಕ ಮಾಡೂ ಘಟಕ), ಎಐ ಹಚ್ಚಿ ಗೇಮಿನ ಫ್ರೇಮ್ ಏರಸೂ ಡಿಎಲ್‌ಎಸ್‌ಎಸ್ ಇಲ್ಲ. 3050ದು 2048 ಕೋರ್. ಬ್ಯಾಟರಿ ಸತ್ತಿದ್ರ ಏನಾತು, ಗೇಮ್ ಆಡೂದು ಚಾರ್ಜರ್ ಹಚ್ಚೇ ಅಲ್ಲೇನ್ರಿ?

ಸುಮಾ_ರಿಪೇರಿ: "ಬ್ಯಾಟರಿ ಸತ್ತಿದ್ರ ಏನಾತು" ಅನ್ನೋದನ್ನ ಓದಿ ಸುಮ್ನಿರೋಕಾಗ್ಲಿಲ್ಲ. ಸಿಪಿಯು, ಜಿಪಿಯು (ಗ್ರಾಫಿಕ್ಸ್ ಚಿಪ್) ಎರಡೂ ಜೋರಾಗಿ ಎಳೆದಾಗ ಅಡಾಪ್ಟರ್‌ಗೆ ಕಮ್ಮಿ ಬಿದ್ದ ಪವರನ್ನ ಬ್ಯಾಟರಿ ತುಂಬಿಕೊಡತ್ತೆ. ಬ್ಯಾಟರಿ ಇಲ್ಲ ಅಂತ ಗೊತ್ತಾದ್ರೆ ಎಷ್ಟೋ ಮಾಡೆಲ್‌ಗಳು ತಾವೇ ಸ್ಪೀಡ್ ಇಳಿಸಿಬಿಡತ್ವೆ. ಬ್ಯಾಟರಿ ಉಬ್ಬಿದ್ರಂತೂ ಟಚ್‌ಪ್ಯಾಡ್ ಮೇಲೆದ್ದು ಕ್ಲಿಕ್ಕೇ ಆಗಲ್ಲ.

ಹುಬ್ಳಿ_ಹುಡುಗ: "ಎಷ್ಟೋ ಮಾಡೆಲ್" ಅಂದ್ರ ಯಾವ್ಯಾವು? ಹೆಸರ ಹೇಳ್ರಿ. ನಂದು ಬ್ಯಾಟರಿ ತಗದು ವರ್ಷ ದಾಟೇತಿ, ಏನೂ ಆಗಿಲ್ಲ.

ಸುಮಾ_ರಿಪೇರಿ: ನಿಮ್ಮದೊಂದು ಲ್ಯಾಪ್‌ಟಾಪೇ ಇಡೀ ಮಾರ್ಕೆಟ್ಟಾ?

ತೀರ್ಥಹಳ್ಳಿ_ಮಳೆ: "ಚಾರ್ಜರ್ ಹಚ್ಚೇ" ಅಂತೀರಲ್ಲ ಮಾರಾಯ್ರೆ, ಮಳೆಗಾಲದಲ್ಲಿ ನಮ್ಮೂರಿಗೆ ಒಂದ್ಸಲ ಬನ್ನಿ. ಗಾಳಿ ಬೀಸ್ತು ಅಂದ್ರೆ ಕರೆಂಟ್ ಹೋಯ್ತು. ಮ್ಯಾಚ್ ಮಧ್ಯೆ ಲ್ಯಾಪ್‌ಟಾಪ್ ಆಫ್ ಆದ್ರೆ ಟೀಮಿನವರ ಹತ್ರ ಬೈಸ್ಕೊಳ್ಳೋದು ನೀವಾ?

ಹುಬ್ಳಿ_ಹುಡುಗ: ಹುಡುಗ ಇರೂದು ದಾವಣಗೆರ್ಯಾಗ, ಮಲೆನಾಡಾಗ ಅಲ್ಲ. ಅಷ್ಟ ಅಂಜಿಕಿ ಇದ್ರ ಯುಪಿಎಸ್ ತಗೋರಿ.

ಸೀನ_ಟೌನ್‌ಹಾಲ್: "ಯುಪಿಎಸ್ ತಗೋರಿ" ಅಂತೆ! 42ರ ಮೇಲೆ ಒಂದು ರೂಪಾಯಿ ಇಲ್ಲ ಅಂತ ಹುಡುಗ ಮೊದಲನೇ ಸಾಲಲ್ಲೇ ಬರೆದಿದಾನೆ. ಸ್ವಲ್ಪ ಓದಿ ಮಾತಾಡಿ ಸಾರ್.

ಹುಬ್ಳಿ_ಹುಡುಗ: ಹಂಗಾದ್ರ ನಿಮ್ಮ ಲೀಸ್ ಮಾಲಿನ ಬ್ಯಾಟರಿ ಏನ್ ಹೊಸಾದೇನು? ನೀವು ಎಸ್‌ಪಿ ರೋಡಿನಾಗ ಅಂಗಡಿ ಇಟ್ಟೀರಿ ಅಂತ ಇಲ್ಲೆ ಎಲ್ಲಾರಿಗೂ ಗೊತ್ತೈತಿ.

ಸೀನ_ಟೌನ್‌ಹಾಲ್: ಅಂಗಡಿ ನಂದಲ್ಲ, ನಮ್ ಭಾವಂದು. ಅದಕ್ಕೂ ಇದಕ್ಕೂ ಏನ್ರೀ ಸಂಬಂಧ?

ಸುಮಾ_ರಿಪೇರಿ: ಸಂಬಂಧ ಇದೆ. ಪ್ರಿಸಿಶನ್ ಜೊತೆ ಯಾವ ಚಾರ್ಜರ್ ಕೊಡ್ತಾರೆ ಅಂತ ಮೊದಲು ಹೇಳಿ. ಡೆಲ್‌ಗೆ ಅಡಾಪ್ಟರ್ ಗುರುತು ಸಿಗದಿದ್ರೆ ಬ್ಯಾಟರಿ ಚಾರ್ಜ್ ಆಗಲ್ಲ, ಸಿಪಿಯು ಆಮೆ ಆಗ್ಬಿಡತ್ತೆ. 130 ವ್ಯಾಟ್ ಬೇಕಾದ ಕಡೆ 65 ವ್ಯಾಟ್ ಲೋಕಲ್ ಚಾರ್ಜರ್ ಕವರಿಗೆ ಹಾಕಿ ಕಳಿಸಿರೋ ಅಂಗಡಿಗಳನ್ನ ನೋಡಿದೀನಿ. ಬಯೋಸ್ (ವಿಂಡೋಸ್‌ಗೂ ಮೊದಲು ಬರೋ ಮೂಲ ಸೆಟ್ಟಿಂಗ್) ಪಾಸ್‌ವರ್ಡ್ ತೆಗೆಸದೇ ಮಾರಿರೋದೂ ಉಂಟು. ವಿಂಡೋಸ್ 11ರಲ್ಲಿ ವ್ಯಾಲರಂಟ್ ಓಡಬೇಕು ಅಂದ್ರೆ ಟಿಪಿಎಂ 2.0, ಸೆಕ್ಯೂರ್ ಬೂಟ್ ಅನ್ನೋ ಭದ್ರತಾ ಸೆಟ್ಟಿಂಗ್ ಎರಡೂ ಆನ್ ಇರಬೇಕು. ಬಯೋಸ್‌ಗೇ ಬೀಗ ಇದ್ರೆ ಆನ್ ಮಾಡೋದು ಎಲ್ಲಿಂದ? ಅಂಗಡಿಯಲ್ಲೇ ಆನ್ ಮಾಡೋವಾಗ ಎಫ್2 ಒತ್ತಿ ಬಯೋಸ್ ತೆಗೆದು, ಸೆಟ್ಟಿಂಗ್ ಬದಲಾಯಿಸೋಕೆ ಬಿಡತ್ತಾ ನೋಡ್ಕೊಳ್ಳಿ.

ಸೀನ_ಟೌನ್‌ಹಾಲ್: "65 ವ್ಯಾಟ್ ಲೋಕಲ್ ಚಾರ್ಜರ್" ನಮ್ಮಲ್ಲಿ ಕೊಡಲ್ಲ ಮೇಡಂ. ಹೆಸರು ಕೆಡಿಸಬೇಡಿ.

ಹುಬ್ಳಿ_ಹುಡುಗ: "ನಮ್ಮಲ್ಲಿ"! ಈಗರ ಭಾವಂದು ಅಂದ್ರಿ.

ಸೀನ_ಟೌನ್‌ಹಾಲ್: ಭಾವ ಅಂದ್ರೆ ನಮ್ಮವರಲ್ವೇನ್ರಿ? ಹತ್ತು ವರ್ಷದಿಂದ ಈ ಲೈನಲ್ಲಿದೀನಿ, ನೀವು ಕೀಬೋರ್ಡ್ ಮುಂದೆ ಕೂತು ಕೋರ್ ಎಣಿಸ್ತಾ ಇರಿ.

ವ್ಯಾಟ್_ವಾದಿ: "ಕೋರ್ ಎಣಿಸ್ತಾ" ಕೂತ್ರೆ ಅರ್ಧ ಲೆಕ್ಕ ಅಷ್ಟೇ. 3050 ಅನ್ನೋ ಅದೇ ಚಿಪ್ಪನ್ನ 35 ವ್ಯಾಟ್‌ಗೂ ಕೂರಿಸಿದ್ದಾರೆ, 80 ವ್ಯಾಟ್‌ಗೂ ಕೂರಿಸಿದ್ದಾರೆ. ಸ್ಟಿಕ್ಕರ್ ಒಂದೇ, ಆಟ ಬೇರೆ: ವ್ಯಾಟ್ ಕಮ್ಮಿ ಆದ್ರೆ ಸ್ಪೀಡೂ ಕಮ್ಮಿ. ಎನ್‌ವಿಡಿಯಾ ಕಂಟ್ರೋಲ್ ಪ್ಯಾನೆಲ್‌ನಲ್ಲಿ ಸಿಸ್ಟಂ ಇನ್ಫರ್ಮೇಶನ್ ತೆಗೆದ್ರೆ ಮ್ಯಾಕ್ಸಿಮಮ್ ಗ್ರಾಫಿಕ್ಸ್ ಪವರ್ ಅಂತ ಕಾಣತ್ತೆ. ಮಾರೋರಿಗೆ ಅದರ ಸ್ಕ್ರೀನ್‌ಶಾಟ್ ಕಳಿಸೋಕೆ ಹೇಳಿ.

ಹುಬ್ಳಿ_ಹುಡುಗ: 35 ಇದ್ರೂ ಡಿಎಲ್‌ಎಸ್‌ಎಸ್ ಐತಲ್ಲ.

ತೀರ್ಥಹಳ್ಳಿ_ಮಳೆ: ವ್ಯಾಲರಂಟ್‌ನಲ್ಲಿ "ಡಿಎಲ್‌ಎಸ್‌ಎಸ್" ಎಲ್ಲುಂಟು ಮಾರಾಯ್ರೆ?

ಹುಬ್ಳಿ_ಹುಡುಗ: 2025ರಾಗ ಬಂದ ಜಿಟಿಎ 5 ಎನ್‌ಹಾನ್ಸ್ಡ್‌ನಾಗ ಐತಿ. ಅದನ್ನ ಮಾತ್ರ ನುಂಗಿಬಿಟ್ರಿ ನೋಡ್ರಿ.

ಬೆಣ್ಣೆದೋಸೆ_ದಾವಣಗೆರೆ: ಸ್ಕ್ರೀನ್‌ಶಾಟ್ ಬಂತು, 60 ವ್ಯಾಟ್ ಇದೆ. ಹೊಸ ಬ್ಯಾಟರಿ ದುಡ್ಡು ಕಳೆದು ಕೊಡ್ತೀರಾ ಅಂತ ಕೇಳಿದೀನಿ, ಇನ್ನೂ ಉತ್ತರ ಇಲ್ಲ. ಭಾನುವಾರ ಬೆಂಗಳೂರಿಗೆ ಬಂದು ಎರಡೂ ನೋಡ್ತೀನಿ.

ಹುಬ್ಳಿ_ಹುಡುಗ: 60 ಸಾಕಷ್ಟಾತು. ನಾ ಹೇಳಿದ್ದ ಅದನ್ನ.

ಸುಮಾ_ರಿಪೇರಿ: ನೀವು ಹೇಳಿದ್ದು ಬ್ಯಾಟರಿಯೇ ಬೇಡ ಅಂತ.

ಸೀನ_ಟೌನ್‌ಹಾಲ್: ಭಾನುವಾರ ಎಸ್‌ಪಿ ರೋಡ್ ಬಹುತೇಕ ಬಾಗಿಲು ತಮ್ಮಾ. ಶನಿವಾರ ಬಾ, 130 ವ್ಯಾಟ್ ಚಾರ್ಜರ್ ಎತ್ತಿಡೋಕೆ ಭಾವನಿಗೆ ಹೇಳಿರ್ತೀನಿ.